ಕದನ ವಿರಾಮ ಆದಮೇಲೆ ನೆಲದಲ್ಲಿ ಹೂತ ಮೈನ್ ಸಿಡಿದು ಕಾಲ್ಬೆರಳು ಹೋದರೆ ಅದು ಯುದ್ಧದ ಗಾಯ ಅಲ್ವಾ? (ಅಪ್ಪನ ಕೇಸು, 1972)

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ಅಪ್ಪ 1966ರಲ್ಲಿ ಸೇನೆಗೆ ಸೇರಿದವರು. ಇನ್‌ಫೆಂಟ್ರಿ. 71ರ ಯುದ್ಧದಲ್ಲಿ ಪಶ್ಚಿಮದ ಪಾಕಿಸ್ತಾನ ಗಡಿಯ ಶಕರ್‌ಗಢ ಸೆಕ್ಟರ್‌ನಲ್ಲಿದ್ದರು. ಡಿಸೆಂಬರ್ 17ಕ್ಕೆ ಕದನ ವಿರಾಮ ಆಯಿತು, ಆದರೆ ಇವರ ಪಲ್ಟನ್ ವಾಪಸ್ ಬರಲಿಲ್ಲ, ಗೆದ್ದ ಜಾಗದಲ್ಲೇ ಬಂಕರ್ ಮಾಡಿಕೊಂಡು ಕೂತಿತ್ತು. ಜನವರಿ ಕೊನೆಯಲ್ಲಿ ಒಂದು ಬೆಳಗ್ಗೆ, ಎದುರಿಗಿದ್ದವನ ಬೆನ್ನೂ ಕಾಣದಂಥ ಮಂಜು, ಮುಂದಿನ ಪೋಸ್ಟ್‌ಗೆ ಚಹಾ ರೊಟ್ಟಿ ಹೊತ್ತುಕೊಂಡು ಹೋಗುತ್ತಿದ್ದಾರೆ. ಮೈನ್ ತೆಗೆದು ಬಿಳಿ ಟೇಪು ಕಟ್ಟಿದ ದಾರಿ ಇತ್ತಂತೆ. ರಾತ್ರಿ ಗಾಳಿಗೆ ಟೇಪು ಕಿತ್ತು ಹೋಗಿತ್ತೋ ಇವರೇ ಒಂದು ಹೆಜ್ಜೆ ಆಚೆ ಇಟ್ಟರೋ, ಇವತ್ತಿಗೂ ಅವರಿಗೆ ಗೊತ್ತಿಲ್ಲ. "ಶೂ ಪಾಲಿಶ್ ಡಬ್ಬಿಯಷ್ಟು ಇರುತ್ತೆ ಕಣೇ, ಅಷ್ಟೇ" ಅನ್ನುತ್ತಾರೆ. ಎಡಗಾಲಿನ ಮೂರು ಬೆರಳು ಹೋದವು. ಹಿಮ್ಮಡಿಯಲ್ಲಿ ಚೂರುಗಳು ಇನ್ನೂ ಇವೆ, ಎಕ್ಸ್‌ರೇ ತೆಗೆಸಿದರೆ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತದೆ.

ಆಮೇಲೆ ಲೋ ಮೆಡಿಕಲ್ (ಪೂರ್ತಿ ಫಿಟ್ ಅಲ್ಲ) ಮಾಡಿ ಸ್ಟೋರಿನಲ್ಲಿ ಕೂರಿಸಿದರು. 1981ರಲ್ಲಿ 15 ವರ್ಷ ಮುಗಿಸಿ ನಾಯಕ್ ಆಗಿ ಪೆನ್ಶನ್ ಬಂದರು. ಮಾಮೂಲಿ ಸರ್ವಿಸ್ ಪೆನ್ಶನ್. ಅವರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಹೋದ ವರ್ಷ ಡಿಸೆಂಬರ್ 16ರ ವಿಜಯ ದಿವಸದ ಕಾರ್ಯಕ್ರಮದಲ್ಲಿ ಶಾಲು ಹೊದಿಸುವಾಗ ಯುದ್ಧದಲ್ಲಿ ಗಾಯಗೊಂಡವರನ್ನು ಮುಂದಿನ ಸಾಲಿಗೆ ಕರೆದರು. ಅಪ್ಪ ಎದ್ದರು. ಪಟ್ಟಿ ಹಿಡಿದಿದ್ದವರು ನೋಡಿ, ನಿಮ್ಮದು ಆ್ಯಕ್ಸಿಡೆಂಟ್ ಅಂತ ಇದೆಯಲ್ಲ ಯಜಮಾನ್ರೇ, ಅಂದರು. ಅಪ್ಪ ಸುಮ್ನೆ ಕೂತರು. ಮನೆಗೆ ಬಂದಮೇಲೂ ಏನೂ ಮಾತಾಡಲಿಲ್ಲ. ಆಮೇಲೆ ಯುದ್ಧದ ಗಾಯದ ಮೆಡಲು, ಪೆನ್ಶನ್ ಯಾಕೆ ಕೊಟ್ಟಿಲ್ಲ ಅಂತ ನಾನು ಅವರ ಹೆಸರಲ್ಲಿ ಒಂದು ಅರ್ಜಿ ಬರೆದೆ. ನಾಲ್ಕು ತಿಂಗಳ ನಂತರ ಒಂದೂವರೆ ಸಾಲಿನ ಉತ್ತರ ಬಂತು: ಘಟನೆ ಕದನ ವಿರಾಮದ ನಂತರದ್ದು, ದಾಖಲೆಯಲ್ಲಿ ಫಿಸಿಕಲ್ ಕ್ಯಾಶುಯಲ್ಟಿ (ಯುದ್ಧದ್ದಲ್ಲದ ಗಾಯ) ಎಂದಿದೆ, ಯುದ್ಧದ ಗಾಯ ಎಂದು ಪರಿಗಣಿಸಲಾಗದು.

ಯುದ್ಧ ಮುಗಿದರೆ ಮೈನಿಗೆ ಗೊತ್ತಾಗುತ್ತಾ? ಇದಕ್ಕೆ ಏನಾದರೂ ದಾರಿ ಇದೆಯಾ? ಯಾವ ಆಫೀಸು ಅಂತ ಕೇಳಬೇಡಿ, ಬರೆಯಬೇಡ ಅಂತ ಅಪ್ಪ ಹೇಳಿದ್ದಾರೆ.

ಸುಮ್ನೆ ಕೇಳ್ದೆ:

ತಪ್ಪು ತಿಳ್ಕೋಬೇಡಿ ಮೇಡಂ, ಐವತ್ತು ವರ್ಷ ಸುಮ್ಮನಿದ್ದು ಈಗ ಯಾಕೆ? ಹಣಕ್ಕಾ, ಮೆಡಲಿಗಾ? ದೇಶಕ್ಕೆ ಅಂತ ಹೋದವರು ಆಮೇಲೆ ಲೆಕ್ಕ ಕೇಳುವುದು ನನಗೇನೋ ಸರಿ ಅನ್ನಿಸಲ್ಲ.

ಹಳೇ ಕ್ಲರ್ಕ್ ಸಾಬ್:

ಮೇಲಿನವರಿಗೆ ನಾನು ಉತ್ತರ ಕೊಡಲ್ಲ, ಕೊಟ್ಟರೆ ಅಡ್ಮಿನ್ ನನ್ನ ಕಾಮೆಂಟ್ ತೆಗೆಯುತ್ತಾರೆ.

ತಂಗಿ, ನಾನು 24 ವರ್ಷ ಫೌಜಿನಲ್ಲಿ ಕ್ಲರ್ಕ್ ಆಗಿದ್ದವನು, ಇಂಥ ಕಾಗದ ಬರೆದವನೂ ನಾನೇ, ಅದಕ್ಕೇ ಹೇಳುತ್ತೇನೆ ಕೇಳು. ಯಾರೋ ಬೇಕು ಅಂತ ಮಾಡಿದ್ದಲ್ಲ ಇದು. ಪಲ್ಟನ್‌ನಿಂದ ಕ್ಯಾಶುಯಲ್ಟಿ ಸಿಗ್ನಲ್ ಹೋಗುತ್ತದೆ, ಅದರ ಮೇಲೆ ಪಾರ್ಟ್ ಟೂ ಆರ್ಡರ್, ಅಂದರೆ ಸಿಪಾಯಿಯ ಸೇವಾ ದಾಖಲೆಗೆ ಸೇರುವ ಆದೇಶ, ಆಗುತ್ತದೆ. ಅಲ್ಲಿ ಇರೋದೇ ಎರಡು ಖಾನೆ, ಬ್ಯಾಟಲ್ ಕ್ಯಾಶುಯಲ್ಟಿ ಇಲ್ಲಾ ಫಿಸಿಕಲ್ ಕ್ಯಾಶುಯಲ್ಟಿ. ಗುಂಡು ನಿಂತಿದೆ, ರೇಡಿಯೋದಲ್ಲಿ ಕದನ ವಿರಾಮ ಅಂದಿದ್ದಾರೆ, ಕೂತ ಹುಡುಗ ಫಿಸಿಕಲ್ ಅಂತ ಟೈಪ್ ಮಾಡಿದ. ಅಷ್ಟೇ. ಆ ಒಂದು ಪದ ಡಿಸ್ಚಾರ್ಜ್ ಬುಕ್‌ವರೆಗೆ ಹಾಗೇ ನಡೆದು ಬಂತು.

ನೀನು ಮಾಡಿದ ಒಂದು ತಪ್ಪು ಏನಂದ್ರೆ ಯಾಕೆ ಕೊಟ್ಟಿಲ್ಲ ಅಂತ ಕೇಳಿದ್ದು. ಯಾಕೆ ಅಂದರೆ ಅವರು ಒಂದು ಕಾರಣ ಬರೆದು ಕಳಿಸುತ್ತಾರೆ. ಕಾಗದದ ನಕಲು ಕೇಳು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು, ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಪಾರ್ಟ್ ಟೂ ಆರ್ಡರ್ ಕೇಳು, ಇಂಜುರಿ ರಿಪೋರ್ಟ್ ಕೇಳು (ಐಎಎಫ್‌ವೈ 2006 ಅನ್ನುತ್ತಾರೆ ಅದಕ್ಕೆ, ನಂಬರ್ ಬರೆದರೆ ನೀನು ತಿಳಿದವಳು ಅಂತ ಗೊತ್ತಾಗುತ್ತದೆ), ಮೆಡಿಕಲ್ ಬೋರ್ಡ್ ಪ್ರೊಸೀಡಿಂಗ್ಸ್ ಕೇಳು. ಬಿಡುಗಡೆಯ ಮೆಡಿಕಲ್ ಬೋರ್ಡಿನಲ್ಲಿ ಅಂಗವೈಕಲ್ಯ ಎಷ್ಟು ಪರ್ಸೆಂಟ್ ಬರೆದಿದ್ದಾರೆ ಅನ್ನೋದು ಬಹಳ ಮುಖ್ಯ, 20ಕ್ಕಿಂತ ಕಡಿಮೆ ಇದ್ದರೆ ಹೋರಾಟ ಜಾಸ್ತಿ. ಪೆನ್ಶನ್ ಇಲ್ಲದವರ ಕಡತ 25 ವರ್ಷಕ್ಕೆ ಸುಡುತ್ತಾರೆ, ನಿಮ್ಮಪ್ಪ ಪೆನ್ಶನರ್ ಆದ್ದರಿಂದ ಏನಾದರೂ ಉಳಿದಿರುತ್ತದೆ. ಯಾವ ಆಸ್ಪತ್ರೆಗೆ ಹಾಕಿದ್ದರು? ತಾರೀಖು? ಅದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಇನ್ನೊಂದು. ಅಪ್ಪನ ಹತ್ತಿರ ಸಂಗ್ರಾಮ್ ಮೆಡಲ್ ಇದೆಯಾ? ಇದ್ದರೆ ಹೊಳಪು ಹಚ್ಚಿ ಇಡು. ಆ ಮೆಡಲನ್ನು ಸರ್ಕಾರ ಕೊಟ್ಟದ್ದು 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರವರೆಗಿನ ಸೇವೆಗೆ. ಮೆಡಲ್ ಕೊಡೋವಾಗ ಒಂದು ವರ್ಷ, ಗಾಯ ಲೆಕ್ಕ ಹಾಕೋವಾಗ ಹದಿನಾಲ್ಕು ದಿನ. ಇದನ್ನು ಅರ್ಜಿಯಲ್ಲಿ ಹಾಗೇ ಬರಿ.

ಕರಿಕೋಟು:

ಸಾಬ್ ಹೇಳಿದ್ದು ಸರಿ ಇದೆ. ನಾನು ವಕೀಲ, ಸೇನೆಯವರ ಕೇಸು ನೋಡುವ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್‌ನಲ್ಲಿ ಇಂಥ ಕೇಸು ನಡೆಸುತ್ತೇನೆ, ನಾಲ್ಕು ಮಾತು ಸೇರಿಸುತ್ತೇನೆ. ಕಾಗದ ನೋಡದೆ ಹೇಳುತ್ತಿರುವುದು, ನೆನಪಿರಲಿ.

ಮೊದಲು, ನೀವು ಎರಡು ಬೇರೆ ವಿಷಯವನ್ನು ಒಂದೇ ಅರ್ಜಿಯಲ್ಲಿ ಕಲಸಿದ್ದೀರಿ ಅನ್ನಿಸುತ್ತದೆ. ವೂಂಡ್ ಮೆಡಲ್ ಅಂತ ಒಂದಿದೆ, ಬಿಳಿ ರಿಬ್ಬನ್, ನಡುವೆ ಕೆಂಪು ಪಟ್ಟಿ. ಅದಕ್ಕೆ ಶತ್ರುವಿನ ನೇರ ದಾಳಿಯಿಂದಲೇ ಗಾಯ ಆಗಿರಬೇಕು. ಕದನ ವಿರಾಮ ಆಗಿ ತಿಂಗಳಾದಮೇಲೆ ತುಳಿದ ಮೈನ್ ನೇರ ದಾಳಿ ಹೌದೋ ಅಲ್ಲವೋ ಅಂತ ವಾದ ಮಾಡಬಹುದು, ಗೆಲ್ಲುತ್ತೇವೆ ಅಂತ ನಾನು ಮಾತು ಕೊಡಲ್ಲ.

ಪೆನ್ಶನ್ ವಿಷಯ ಬೇರೆ. ರಕ್ಷಣಾ ಇಲಾಖೆಯ 2001ರ ಜನವರಿ 31ರ ಪತ್ರದಲ್ಲಿ ಗಾಯಗಳನ್ನು ಎ ಇಂದ ಇ ವರೆಗೆ ಐದು ಕೆಟಗರಿ ಮಾಡಿದ್ದಾರೆ. ಸಿ ಅಂದರೆ ಡ್ಯೂಟಿಯಲ್ಲಿ ಆದ ಅಪಘಾತ. ಇ ಅಂದರೆ ಯುದ್ಧ. ಆ ಇ ಒಳಗೇ, ಗಡಿ ಹತ್ತಿರದ ಕಾರ್ಯಾಚರಣೆಯ ಜಾಗದಲ್ಲಿ ಶತ್ರುವೋ ನಮ್ಮವರೋ ಹಾಕಿದ ಮೈನ್‌ಫೀಲ್ಡ್ ತೆಗೆಯುವಾಗ ಅಥವಾ ದಾಟುವಾಗ ಆಕಸ್ಮಿಕವಾಗಿ ಸಿಡಿದರೂ ಅದು ಸೇರುತ್ತದೆ ಅಂತ ಸ್ಪಷ್ಟವಾಗಿ ಬರೆದಿದೆ. ಆಕಸ್ಮಿಕ ಅಂದ ಮಾತ್ರಕ್ಕೆ ಯುದ್ಧದ್ದಲ್ಲ ಅನ್ನೋದು ತಪ್ಪು. ಚಹಾ ಹೊತ್ತುಕೊಂಡು ಹೋದರೂ ದಾಟಿದ್ದು ಮೈನ್‌ಫೀಲ್ಡೇ ಅಲ್ವಾ. ತೊಡಕು ಏನೆಂದರೆ ಆ ಪತ್ರ 1996ರ ಜನವರಿ 1ರಂದು ಸೇವೆಯಲ್ಲಿದ್ದವರಿಗೆ ಮತ್ತು ನಂತರದವರಿಗೆ. ನಿಮ್ಮ ತಂದೆ 81ರಲ್ಲೇ ಬಂದವರು, ಆ ಕಡೆಯ ವಕೀಲರು ಮೊದಲು ಎತ್ತುವುದು ಇದನ್ನೇ. ಅದಕ್ಕೇ ಪತ್ರವನ್ನು ಹಕ್ಕು ಅಂತ ಅಲ್ಲ, ಮೈನ್ ಗಾಯವನ್ನು ಸರ್ಕಾರವೇ ಹೇಗೆ ನೋಡುತ್ತದೆ ಅನ್ನೋದಕ್ಕೆ ಆಧಾರ ಅಂತ ಇಡಬೇಕು.

ತಡ ಆಯಿತು ಅಂತ ಹೆದರಬೇಡಿ. 1983ರಲ್ಲಿ ಸೇನೆಯಿಂದ ಹೊರಬಂದ ಒಬ್ಬರು 1999ರಲ್ಲಿ ಕೋರ್ಟಿಗೆ ಹೋದರು, ತರ್ಸೇಮ್ ಸಿಂಗ್ ಕೇಸು. ಪ್ರತಿ ತಿಂಗಳು ಪೆನ್ಶನ್ ಕಡಿಮೆ ಬರುತ್ತಿದ್ದರೆ ಪ್ರತಿ ತಿಂಗಳೂ ತಪ್ಪು ಮುಂದುವರಿದ ಹಾಗೆ, ತಡವಾದರೂ ಬರಬಹುದು, ಆದರೆ ಬಾಕಿ ಸಿಗುವುದು ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷದ್ದು ಮಾತ್ರ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಅಂದರೆ 1981ರಿಂದ ಲೆಕ್ಕ ಹಾಕಿ ಲಕ್ಷಗಟ್ಟಲೆ ಬರುತ್ತದೆ ಅಂತ ಯಾರಾದರೂ ಆಸೆ ಹುಟ್ಟಿಸಿ ಫೀಸು ಕೇಳಿದರೆ ಎದ್ದು ಬನ್ನಿ. ಕರ್ನಾಟಕದ ಕೇಸು ಬರುವುದು ಟ್ರಿಬ್ಯೂನಲ್‌ನ ಕೊಚ್ಚಿ ಪೀಠಕ್ಕೆ, ದೆಹಲಿಗೆ ಹೋಗಬೇಕಿಲ್ಲ.

ಮಡಿಕೇರಿ ಮಳೆ:

ನಮ್ಮ ಮಾವ ಶ್ರೀಲಂಕಾಕ್ಕೆ ಹೋಗಿದ್ದವರು, ಐಪಿಕೆಎಫ್ (ಭಾರತದ ಶಾಂತಿಪಾಲನಾ ಪಡೆ). ಜಾಫ್ನಾದಲ್ಲಿ ಭುಜಕ್ಕೆ ಪೆಟ್ಟು. ಅವರ ಕೇಸಲ್ಲಿ ಕೆಲಸಕ್ಕೆ ಬಂದದ್ದು ಜೊತೆಯಲ್ಲಿದ್ದ ಇಬ್ಬರ ಅಫಿಡವಿಟ್. ಅಪ್ಪನ ಸೆಕ್ಷನ್‌ನವರು ಯಾರಾದರೂ ಇದ್ದಾರಾ ಹುಡುಕಿ ಅಕ್ಕ. ಪಲ್ಟನ್‌ನ ರೈಸಿಂಗ್ ಡೇ ವಾಟ್ಸಾಪ್ ಗ್ರೂಪ್ ಇರುತ್ತದೆ, ಅಲ್ಲಿ ಹಾಕಿ. ಮುದುಕರೆಲ್ಲ ಬೆಳಗ್ಗೆ ನಾಲ್ಕಕ್ಕೇ ಗುಡ್ ಮಾರ್ನಿಂಗ್ ಕಳಿಸುತ್ತಿರುತ್ತಾರೆ, ಒಬ್ಬರಾದರೂ ಸಿಗುತ್ತಾರೆ.

ತುಂಗಾತೀರ:

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯಿತು, ಆದದ್ದು ಹೇಳುತ್ತೇನೆ.

ಈಗ ಯಾಕೆ ಅಂತ ಕೇಳಿದವರಿಗೆ: ಅಪ್ಪನನ್ನೇ ಕೇಳಿದೆ. "ಹಣ ಬಂದರೆ ಬೇಡ ಅನ್ನಲ್ಲ. ಆದರೆ ಆ್ಯಕ್ಸಿಡೆಂಟ್ ಅಂದರೆ ಏನೇ? ನಾನೇನು ಕುಡಿದು ಲೂನಾದಿಂದ ಬಿದ್ದಿದ್ದೆನಾ?" ಅಂದರು. ಇದಕ್ಕಿಂತ ಜಾಸ್ತಿ ನನಗೆ ಹೇಳಲು ಬರಲ್ಲ.

ಆಸ್ಪತ್ರೆಯ ಹೆಸರು ಅಪ್ಪನಿಗೆ ಸರಿಯಾಗಿ ನೆನಪಿರಲಿಲ್ಲ. ಎರಡು ಆಸ್ಪತ್ರೆ ಬದಲಾಯಿಸಿದ್ದರಂತೆ, ಮೊದಲನೆಯದರಲ್ಲಿ ಅರ್ಧ ದಿನ ಪ್ರಜ್ಞೆಯೇ ಇರಲಿಲ್ಲ. ಅಟ್ಟದ ಮೇಲೆ ಅಜ್ಜಿಯ ಟ್ರಂಕ್ ಇತ್ತು. ಹಳೇ ಪಂಚಾಂಗದ ಒಳಗೆ ಒಂದು ಇನ್‌ಲ್ಯಾಂಡ್ ಲೆಟರ್ ಸಿಕ್ಕಿತು, 1972ರ ಫೆಬ್ರವರಿಯದು, ಅಪ್ಪನ ಕೈಬರಹ. ಕುಣಿದುಬಿಟ್ಟೆ. ಓದಿದ ಮೇಲೆ ಅಳು ಬಂತು. ಏನು ಬರೆದಿದ್ದಾರೆ ಗೊತ್ತಾ? ಅವ್ವ, ಹಿತ್ತಲಿನ ಬಚ್ಚಲಿನ ಹಾಗೆ ಇಲ್ಲಿಯೂ ಪಾಚಿ, ಜಾರಿ ಬಿದ್ದು ಕಾಲು ಉಳುಕಿದೆ, ಊಟ ಚೆನ್ನಾಗಿ ಕೊಡುತ್ತಾರೆ, ನೀನು ಧರ್ಮಸ್ಥಳಕ್ಕೆ ಹರಕೆ ಗಿರಕೆ ಹೊರಬೇಡ, ಅಂತ.

ಅಜ್ಜಿ ಗಾಬರಿ ಆಗಬಾರದು ಅಂತ ಬರೆದ ಸುಳ್ಳು. ಆ ಕಾಲದ್ದು ಅಂತ ನಮ್ಮ ಹತ್ತಿರ ಇರುವ ಕಾಗದ ಇದೊಂದೇ, ಅದರಲ್ಲಿ ಅಪ್ಪನೇ ತನ್ನ ಕೈಯಾರೆ ಜಾರಿ ಬಿದ್ದೆ ಅಂತ ಬರೆದಿದ್ದಾರೆ. ಇದನ್ನು ತೋರಿಸಬೇಕಾ, ಮುಚ್ಚಿಡಬೇಕಾ?

ಹಳೇ ಕ್ಲರ್ಕ್ ಸಾಬ್:

ತಂಗಿ, ಲೆಟರ್ ಹಿಂಬದಿ ತಿರುಗಿಸಿದೆಯಾ? ಫ್ರಮ್ ಅಡ್ರೆಸ್ ಏನಿದೆ?

ತುಂಗಾತೀರ:

ನಂಬರ್, ಹೆಸರು, ಸರ್ಜಿಕಲ್ ವಾರ್ಡ್, ಆಸ್ಪತ್ರೆಯ ಹೆಸರು, ಎಲ್ಲಾ ಇದೆ! ಅಂಚೆ ಮುದ್ರೆಯ ತಾರೀಖು ಕೂಡ ಮಸುಕಾಗಿ ಕಾಣುತ್ತದೆ. ನಾನು ಒಳಗಿನದ್ದೇ ಓದುತ್ತಾ ಕೂತಿದ್ದೆ, ಥೂ.

ಹಳೇ ಕ್ಲರ್ಕ್ ಸಾಬ್:

ಕಾಲು ಉಳುಕಿದವನನ್ನು ಸರ್ಜಿಕಲ್ ವಾರ್ಡಿನಲ್ಲಿ ಯಾರೂ ಹಾಕಲ್ಲ. ಆ ಆಸ್ಪತ್ರೆಗೇ ನೇರವಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕು, ಅಡ್ಮಿಷನ್ ಡಿಸ್ಚಾರ್ಜ್ ಬುಕ್‌ನ ಆ ತಿಂಗಳ ಪುಟ ಕೇಳು. ನಾವೆಲ್ಲ ಮನೆಗೆ ಹಾಗೇ ಬರೆಯುತ್ತಿದ್ದದ್ದು. ನಾನು ಕಾಮಾಲೆ ಬಂದು ಮಲಗಿದ್ದಾಗ ನೆಗಡಿ ಅಂತ ಬರೆದಿದ್ದೆ.

ಕರಿಕೋಟು:

ಮುಚ್ಚಿಡಬೇಡಿ. ನಾಳೆ ಅವರೇ ಕೇಳಿದರೆ ಕಷ್ಟ. ಪತ್ರ ಲಗತ್ತಿಸಿ, ತಾಯಿಗೆ ಹೀಗೆ ಯಾಕೆ ಬರೆದೆ ಅಂತ ತಂದೆಯವರ ಅಫಿಡವಿಟ್‌ನಲ್ಲಿ ಒಂದು ಪ್ಯಾರಾ ಹಾಕಿ. ಜೊತೆಗೆ ಈಗಿನ ಎಕ್ಸ್‌ರೇ. ಪಾಚಿಯ ಮೇಲೆ ಜಾರಿದರೆ ಹಿಮ್ಮಡಿಗೆ ಲೋಹ ಹೋಗಲ್ಲ, ಅದು ಯಾವ ಜಡ್ಜಿಗೂ ಅರ್ಥ ಆಗುತ್ತದೆ. ಹೊಸ ಅರ್ಜಿ ಕೊಟ್ಟು ಆರು ತಿಂಗಳಲ್ಲಿ ಉತ್ತರ ಬರದಿದ್ದರೆ ಟ್ರಿಬ್ಯೂನಲ್‌ಗೆ ಹೋಗೋಣ, ಆಗ ನನಗೆ ಮೆಸೇಜ್ ಮಾಡಿ.

ತುಂಗಾತೀರ:

ಆಸ್ಪತ್ರೆಗೂ ರೆಕಾರ್ಡ್ ಆಫೀಸಿಗೂ ಬೇರೆ ಬೇರೆ ಅರ್ಜಿ ಇವತ್ತು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಮಡಿಕೇರಿಯವರೇ, ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಸಿಕ್ಕಿದ್ದಾರೆ, ತಮಿಳುನಾಡಿನವರು, ಅಪ್ಪನನ್ನು ಎತ್ತಿಕೊಂಡು ಬಂದ ನಾಲ್ವರಲ್ಲಿ ಒಬ್ಬರಂತೆ. ಇಬ್ಬರೂ ಹರಕು ಹಿಂದಿಯಲ್ಲಿ ಒಂದು ಗಂಟೆ ಮಾತಾಡಿದರು, ಅದರಲ್ಲಿ ಮುಕ್ಕಾಲು ಗಂಟೆ ಲಂಗರಿನ (ಪಲ್ಟನ್ ಅಡುಗೆಮನೆಯ) ಅಡುಗೆಯವನನ್ನು ಬೈದದ್ದೇ.

ಇನ್‌ಲ್ಯಾಂಡ್ ಲೆಟರ್ ಮಾತ್ರ ಅಪ್ಪ ಕೈಗೆ ಕೊಡುತ್ತಿಲ್ಲ. ಝೆರಾಕ್ಸ್ ಕಳಿಸು, ಒರಿಜಿನಲ್ ಅವ್ವನದ್ದು ಅಂತ ಪಂಚಾಂಗದೊಳಗೇ ವಾಪಸ್ ಇಟ್ಟರು.