ಅಮ್ಮ ದಿನಾ ಎದೆಉರಿ ಮಾತ್ರೆ ಅಗಿಯುತ್ತಾರೆ, ಎಷ್ಟು ದಿನ ಹೀಗೆ ತಗೋಬಹುದು?

ಬೆಣ್ಣೆನಗರಿ:

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯದಲ್ಲಿ ಗೊತ್ತಿರುವವರ ಸಲಹೆ ಬೇಕಿತ್ತು. ಅವರಿಗೆ 61 ವರ್ಷ, ದಾವಣಗೆರೆಯಲ್ಲಿ ಅಪ್ಪನ ಜೊತೆ ಇದ್ದಾರೆ, ನಾನು ಕೆಲಸಕ್ಕೆ ಅಂತ ಬೆಂಗಳೂರಲ್ಲಿ. ಅಮ್ಮನಿಗೆ ಬಹಳ ದಿನದಿಂದ ಎದೆಉರಿ, ಹುಳಿತೇಗು. ರಾತ್ರಿ ಮಲಗಿದ ಮೇಲೆ ಗಂಟಲವರೆಗೆ ಹುಳಿನೀರು ಬಂದು ಎದ್ದು ಕೂರುತ್ತಾರೆ. ಮೊದಲು ಹಬ್ಬಕ್ಕೋ ಮದುವೆ ಊಟಕ್ಕೋ ಒಂದು ಮಾತ್ರೆ ಅಗಿಯುತ್ತಿದ್ದರು. ಈಗ ದಿನಾ. ಈ ಸಲ ಊರಿಗೆ ಹೋದಾಗ ನೋಡಿದೆ, ದಿಂಬಿನ ಕೆಳಗೊಂದು ಸ್ಟ್ರಿಪ್, ಪರ್ಸಲ್ಲೊಂದು, ಅಡುಗೆಮನೆ ಡಬ್ಬಿ ಸಾಲಲ್ಲಿ ಒಂದು.

ಬೇರೆ ಮಾತ್ರೆಗಳೂ ಇವೆ. ಬೆಳಗ್ಗೆ ಎದ್ದ ತಕ್ಷಣ ಥೈರಾಯ್ಡ್ ಮಾತ್ರೆ, ಆಮೇಲೆ ಕಾಫಿ, ಕಾಫಿ ಕುಡಿದ ಮೇಲೆ ಎದೆ ಉರಿಯುತ್ತೆ ಅಂತ ಈ ಅಗಿಯುವ ಮಾತ್ರೆ. ಬಿಪಿಗೆ ಆಮ್ಲೋಡಿಪಿನ್. ಮಂಡಿನೋವು ಜಾಸ್ತಿ ಆದಾಗ ಪೇನ್ ಕಿಲ್ಲರ್. ಹಿಮೋಗ್ಲೋಬಿನ್ ಕಡಿಮೆ ಇದೆ ಅಂತ ಈಚೆಗೆ ಕಬ್ಬಿಣದ ಮಾತ್ರೆನೂ ಬರೆದಿದ್ದಾರೆ. ಥೈರಾಯ್ಡ್ ಟೆಸ್ಟ್‌ನಲ್ಲಿ ಟಿಎಸ್ಎಚ್ ಯಾಕೋ ಏರಿದೆ, ಡೋಸ್ ಜಾಸ್ತಿ ಮಾಡಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಈ ಆಂಟಾಸಿಡ್ ಮಾತ್ರೆ ದಿನಾ ತಗೊಂಡರೆ ತೊಂದರೆ ಇದೆಯಾ? ಅಮ್ಮನನ್ನು ಕೇಳಿದರೆ "ಅದೇನು ಔಷಧಿನಾ, ಪೆಪ್ಪರಮೆಂಟ್ ತರ ಇದೆ" ಅಂತಾರೆ. ಅದರ ಬದಲು ಪ್ಯಾಂಟೊಪ್ರಜೋಲ್ ಶುರು ಮಾಡಲಾ?


ಮಲೆನಾಡ ಮಳೆ:

ನಮ್ಮ ಮನೇಲಿ ಮಾತ್ರೆಗಿಂತ ಮಜ್ಜಿಗೆ, ಜೀರಿಗೆ ಕಷಾಯ. ಅತ್ತೆಯವರು ತಣ್ಣಗಿನ ಹಾಲು ಕುಡಿಯುತ್ತಾರೆ, ತಕ್ಷಣ ಉರಿ ಇಳಿಯುತ್ತೆ ಅಂತಾರೆ. ತೀರಾ ಜಾಸ್ತಿ ಆದರೆ ಅರ್ಧ ಚಮಚ ಅಡುಗೆಸೋಡಾಗೆ ನಿಂಬೆಹುಳಿ ಹಿಂಡಿ ಕುಡಿದರೆ ಒಂದು ತೇಗು ಬಂದು ಹಗುರ ಆಗುತ್ತೆ. ನಿಮ್ಮ ತಾಯಿಗೂ ಹೇಳಿ ನೋಡಿ.


ಮಾತ್ರೆ ಅಂಗಡಿ:

ನಾನು ಮೆಡಿಕಲ್ ಶಾಪ್ ನಡೆಸುತ್ತೇನೆ, ಫಾರ್ಮಸಿ ಓದಿದವನು. ನೀವು ಬರೆದಿದ್ದು ಓದಿ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡಬೇಕು ಅನಿಸಿತು.

ಮೊದಲು ಮಾತ್ರೆಯೊಳಗೆ ಏನಿದೆ ಅಂತ ಹೇಳಿಬಿಡುತ್ತೇನೆ. ಡೈಜೀನ್, ಜೆಲುಸಿಲ್ ತರದ ಅಗಿಯುವ ಮಾತ್ರೆಗಳಲ್ಲಿ ಮುಖ್ಯವಾಗಿ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಮತ್ತು ಮೆಗ್ನೀಷಿಯಂ ಹೈಡ್ರಾಕ್ಸೈಡ್ ಇರುತ್ತೆ, ಜೊತೆಗೆ ಗ್ಯಾಸ್ ಗುಳ್ಳೆ ಒಡೆಯೋಕೆ ಸಿಮೆಥಿಕೋನ್. ಇವು ಹೊಟ್ಟೆಯಲ್ಲಿ ಆಗಲೇ ಇರುವ ಆಸಿಡ್‌ನ ಕಾವು ಇಳಿಸುತ್ತವೆ, ಆಸಿಡ್ ಹುಟ್ಟುವುದನ್ನು ನಿಲ್ಲಿಸಲ್ಲ. ಅದಕ್ಕೇ ಕೆಲವೇ ನಿಮಿಷದಲ್ಲಿ ಆರಾಮ ಅನಿಸುತ್ತೆ, ಅಷ್ಟೇ ಬೇಗ ಕಳೆದೂ ಹೋಗುತ್ತೆ. ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಊಟ ಆಗಿ ಒಂದು ಗಂಟೆ ಬಿಟ್ಟು ತಗೊಂಡರೆ ಎರಡು ಮೂರು ಗಂಟೆ ಕೆಲಸ ಮಾಡುತ್ತೆ, ಯಾಕಂದ್ರೆ ಊಟದ ಜೊತೆ ಅದೂ ಹೊಟ್ಟೆಯಲ್ಲೇ ನಿಧಾನವಾಗಿ ಇರುತ್ತೆ. ಇಡಿಯಾಗಿ ನುಂಗಬಾರದು, ಚೆನ್ನಾಗಿ ಅಗಿದು ಪುಡಿ ಮಾಡಿ ನುಂಗಬೇಕು, ಮೇಲೆ ಸ್ವಲ್ಪ ನೀರು. ಅಲ್ಯೂಮಿನಿಯಂ ಮಲ ಗಟ್ಟಿ ಮಾಡುತ್ತೆ, ಮೆಗ್ನೀಷಿಯಂ ಭೇದಿ ಮಾಡಿಸುತ್ತೆ, ಅದಕ್ಕೇ ಎರಡನ್ನೂ ಸೇರಿಸಿರುತ್ತಾರೆ. ಆದರೂ ಕೆಲವರಿಗೆ ಯಾವುದಾದರೂ ಒಂದು ಕಡೆ ಹೆಚ್ಚು ಕಮ್ಮಿ ಆಗುತ್ತೆ.

ಯಾವತ್ತೋ ಒಮ್ಮೆ ಮಿರ್ಚಿ ತಿಂದ ದಿನ ಒಂದೆರಡು ತಗೊಂಡರೆ ಏನೂ ಆಗಲ್ಲ, ಹೆದರಬೇಡಿ. ಆದರೆ ನಿಮ್ಮ ತಾಯಿಯವರ ಕಥೆ ಹಾಗಿಲ್ಲ.

ಥೈರಾಯ್ಡ್ ಮಾತ್ರೆ, ಕಾಫಿ, ಅದರ ಹಿಂದೆಯೇ ಆಂಟಾಸಿಡ್ ಅಂದಿದ್ದೀರಲ್ಲ, ನನ್ನ ಕಣ್ಣಿಗೆ ಮೊದಲು ಬಿದ್ದಿದ್ದೇ ಅದು. ಅಲ್ಯೂಮಿನಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂ ಇವೆಲ್ಲ ಥೈರಾಯ್ಡ್ ಮಾತ್ರೆಯಲ್ಲಿರುವ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದ ಹಾಗೆ ಮಾಡುತ್ತವೆ. ಕಬ್ಬಿಣದ ಮಾತ್ರೆಯೂ ಹಾಗೇ. ಇವಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆ ಅಂತರ ಬೇಕೇ ಬೇಕು. ಮೈಗೆ ಥೈರಾಕ್ಸಿನ್ ಸಾಲದಿದ್ದಾಗ ಟಿಎಸ್ಎಚ್ ಏರುತ್ತೆ, ಇವರಿಗೆ ಏರಿದ್ದಕ್ಕೆ ಇದೇ ಕಾರಣ ಇರಬಹುದು. ಡಾಕ್ಟರಿಗೆ ಈ ಆಂಟಾಸಿಡ್ ವಿಷಯ ಗೊತ್ತಿದ್ದಂತಿಲ್ಲ, ಗೊತ್ತಿಲ್ಲದೆ ಅವರು ಡೋಸ್ ಏರಿಸಿದರೆ ನಾಳೆ ಆಂಟಾಸಿಡ್ ಬಿಟ್ಟಾಗ ಡೋಸೇ ಜಾಸ್ತಿಯಾಗಿ ಎದೆ ಡವಗುಟ್ಟಬಹುದು. ಹಾಗಾಗಿ ಹೇಳಿಬಿಡಿ.

ಕಬ್ಬಿಣದ ಮಾತ್ರೆಗೂ ಆಂಟಾಸಿಡ್‌ಗೂ ಕನಿಷ್ಠ ಎರಡು ಗಂಟೆ ಬಿಡಬೇಕು. ಜ್ವರಕ್ಕೋ ಮೂತ್ರದ ಸೋಂಕಿಗೋ ಯಾವತ್ತಾದರೂ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಕೊಟ್ಟರೆ ಆ ದಿನಗಳಲ್ಲಿ ಆಂಟಾಸಿಡ್ ಬಿಡುವುದೇ ಒಳ್ಳೆಯದು, ಆಗದಿದ್ದರೆ ಎಷ್ಟು ಅಂತರ ಬೇಕು ಅಂತ ಕೇಳಿ ತಗೊಳ್ಳಿ. ಇಲ್ಲದಿದ್ದರೆ ಆ್ಯಂಟಿಬಯಾಟಿಕ್ ಅರ್ಧಕ್ಕರ್ಧ ವ್ಯರ್ಥ.

ಇನ್ನು ಮಲೆನಾಡಿನವರು ಹೇಳಿದ ಮಜ್ಜಿಗೆ, ಜೀರಿಗೆಗೆ ನನ್ನ ತಕರಾರಿಲ್ಲ. ಹಾಲು ಕುಡಿದಾಗ ತಂಪು ಅನಿಸುತ್ತೆ, ಸ್ವಲ್ಪ ಹೊತ್ತಿಗೆ ಅದೇ ಹಾಲು ಮತ್ತೆ ಆಸಿಡ್ ಹುಟ್ಟಿಸುತ್ತೆ, ರಾತ್ರಿ ಮಲಗುವ ಹೊತ್ತಿಗಂತೂ ಬೇಡ. ಆದರೆ ಸೋಡಾ ಮಾತ್ರ ದಯವಿಟ್ಟು ಬೇಡ, ಅವರಿಗೆ ಬಿಪಿ ಇದೆ. ಈನೋ ತರದ ಪುಡಿಯೂ ಅದೇ ಸೋಡಾನೇ. 5 ಗ್ರಾಂ ಪೊಟ್ಟಣ ಒಂದರಲ್ಲಿ 800 ಮಿಲಿಗ್ರಾಂ ಆಸುಪಾಸು ಸೋಡಿಯಂ ಇರುತ್ತೆ, ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದೇ 2000 ಮಿಲಿಗ್ರಾಂ ಒಳಗೆ. ಹಾರ್ಟ್ ತೊಂದರೆ, ಕಾಲು ಊತ ಇರುವವರಿಗೂ, ಗರ್ಭಿಣಿಯರಿಗೂ ಇದು ಒಳ್ಳೆಯದಲ್ಲ. ಕಿಡ್ನಿ ಕೆಟ್ಟವರಿಗೆ ಅಲ್ಯೂಮಿನಿಯಂ, ಮೆಗ್ನೀಷಿಯಂ ಮೈಯಿಂದ ಹೊರಗೆ ಹೋಗದೆ ಸೇರುತ್ತಾ ಹೋಗುತ್ತೆ, ಅವರು ಡಾಕ್ಟರ್ ಕೇಳದೆ ಒಂದು ಮಾತ್ರೆಯನ್ನೂ ಮುಟ್ಟಬಾರದು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಟೆಸ್ಟ್ ಯಾವಾಗ ಮಾಡಿಸಿದ್ದು ಅಂತ ನೋಡಿ.


ಬೆಣ್ಣೆನಗರಿ:

ಸರ್, ತುಂಬಾ ಥ್ಯಾಂಕ್ಸ್. ಥೈರಾಯ್ಡ್ ವಿಷಯ ನಮಗೆ ಯಾರೂ ಹೇಳಿರಲಿಲ್ಲ. ಅಮ್ಮನಿಗೆ ಈಗಷ್ಟೇ ಫೋನ್ ಮಾಡಿದೆ. ದಿನಕ್ಕೆ ನಾಲ್ಕೈದು ಮಾತ್ರೆ ಆಗುತ್ತಂತೆ. ಮಂಡಿನೋವಿನ ಮಾತ್ರೆ "ಯಾವಾಗಾದರೂ" ಅಂದಿದ್ದರು, ಸರಿಯಾಗಿ ಕೇಳಿದರೆ ಅದೂ ಹೆಚ್ಚು ಕಮ್ಮಿ ದಿನಾ. ಹೆಸರು ಓದಿಸಿದೆ, ಅಸಿಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್. ಆಸಿಡ್ ಕಡಿಮೆ ಮಾಡುವ ಹಳೇದು ರ್‍ಯಾನಿಟಿಡಿನ್ ಒಂದು ಶೀಟೂ ಇದೆಯಂತೆ, ಅದು ತಗೋಬಹುದಾ? ಪ್ಯಾಂಟೊಪ್ರಜೋಲ್ ಬಗ್ಗೆನೂ ಹೇಳಿ.


ಸಿಸ್ಟರ್ ತುಮಕೂರು:

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮೇಲಿನವರು ಮಾತ್ರೆಗಳ ಬಗ್ಗೆ ಸರಿಯಾಗಿ ಹೇಳಿದ್ದಾರೆ. ನಾನು ಬೇರೆ ಕಡೆಯಿಂದ ಹೇಳುತ್ತೇನೆ, ಸಮಾಧಾನವಾಗಿ ಓದಿ.

ನೀವು ಬಿಡಿಬಿಡಿಯಾಗಿ ಬರೆದಿದ್ದನ್ನು ಜೋಡಿಸಿ ನೋಡಿ. 60 ದಾಟಿದವರು. ದಿನಾ ಎದೆಉರಿ. ದಿನಾ ಪೇನ್ ಕಿಲ್ಲರ್. ಹಿಮೋಗ್ಲೋಬಿನ್ ಕಡಿಮೆ. ಈ ನಾಲ್ಕೂ ಒಬ್ಬರಲ್ಲೇ ಇದ್ದರೆ ಆಂಟಾಸಿಡ್ ತಗೋಬಹುದಾ ಬಿಡಬಹುದಾ ಅನ್ನೋ ಪ್ರಶ್ನೆ ಹಿಂದಕ್ಕೆ ಹೋಗುತ್ತೆ, ರಕ್ತ ಎಲ್ಲಿ ಹೋಗುತ್ತಿದೆ ಅನ್ನೋದು ಮುಂದೆ ಬರುತ್ತೆ. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಹೊಟ್ಟೆಯ ಒಳಪದರವನ್ನು ಕಾಪಾಡುವ ಲೋಳೆಯನ್ನು ಕಡಿಮೆ ಮಾಡುತ್ತವೆ. ಹುಣ್ಣಾಗಿ ಅಲ್ಲಿಂದ ದಿನಾ ಸ್ವಲ್ಪ ಸ್ವಲ್ಪ ರಕ್ತ ಹೋಗುತ್ತಿದ್ದರೆ ಮನುಷ್ಯನಿಗೆ ಗೊತ್ತೇ ಆಗಲ್ಲ. ಸುಸ್ತು ಅಂತಾರೆ, ಮೆಟ್ಟಿಲು ಹತ್ತಿದರೆ ಏದುಸಿರು ಅಂತಾರೆ, ವಯಸ್ಸಾಯಿತು ಅಂದುಕೊಂಡು ಸುಮ್ನೆ ಇರುತ್ತಾರೆ. ಅಗಿಯುವ ಮಾತ್ರೆ ಮೇಲಿನ ಉರಿಯನ್ನು ಮಾತ್ರ ತಣಿಸುತ್ತೆ, ಕೆಳಗೆ ಹುಣ್ಣು ಹಾಗೇ ಇರುತ್ತೆ.

ಮಲದ ಬಣ್ಣ ಕೇಳಿ. ನಾಚಿಕೆ ಪಟ್ಟುಕೊಳ್ಳುತ್ತಾರೆ, ಆದರೂ ಕೇಳಲೇಬೇಕು. ಕಬ್ಬಿಣದ ಮಾತ್ರೆ ತಿನ್ನುವವರಿಗೆ ಮಲ ಕಪ್ಪು ಹಸಿರು ಆಗುವುದು ಸಹಜ. ಡಾಂಬರಿನ ಹಾಗೆ ಕರ್ರಗೆ, ಜಿಗುಟಾಗಿ, ಕೆಟ್ಟ ವಾಸನೆ ಇದ್ದರೆ ಅದು ರಕ್ತ. ಕಬ್ಬಿಣದ ಮಾತ್ರೆ ಶುರು ಮಾಡುವ ಮೊದಲೂ ಕಪ್ಪಗೆ ಹೋಗುತ್ತಿತ್ತಾ ಅಂತ ವಿಚಾರಿಸಿ. ನುಂಗುವಾಗ ಅನ್ನ ಸಿಕ್ಕಿಕೊಂಡ ಹಾಗೆ ಆಗುತ್ತಾ, ತೂಕ ಇಳಿದಿದೆಯಾ, ವಾಂತಿಯಲ್ಲಿ ಕಾಫಿ ಗಸಿ ತರ ಏನಾದರೂ ಬಂದಿದೆಯಾ, ಇದನ್ನೂ ಕೇಳಿ. ಡಾಂಬರಿನ ತರ ಮಲ, ವಾಂತಿಯಲ್ಲಿ ರಕ್ತ ಇದ್ದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಆವತ್ತೇ ಕ್ಯಾಶುಯಾಲ್ಟಿಗೆ ಕರೆದುಕೊಂಡು ಹೋಗಿ. ಅದ್ಯಾವುದೂ ಇಲ್ಲದಿದ್ದರೂ ಎಂಡೋಸ್ಕೋಪಿ ಬೇಕಾ ಅಂತ ಗ್ಯಾಸ್ಟ್ರೊ ಡಾಕ್ಟರ್ ಹತ್ತಿರ ಈ ವಾರವೇ ತೋರಿಸಿ.

ಇನ್ನೊಂದು ಮಾತು, ಇದು ಎಲ್ಲರಿಗೂ. ನಮ್ಮಲ್ಲಿ ಎದೆಯಲ್ಲಿ ಏನಾದರೂ ಆದರೆ "ಗ್ಯಾಸ್ಟ್ರಿಕ್" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ರಾತ್ರಿ ಎದೆ ಹಿಡಿದುಕೊಂಡಾಗ ಸೋಡಾ ಕುಡಿದು, ಮಾತ್ರೆ ಅಗಿದು, ಬೆನ್ನು ತಿಕ್ಕಿಸಿಕೊಂಡು, ಬೆಳಗಾದ ಮೇಲೆ ಬಂದವರನ್ನು ನಾವು ಬಹಳ ನೋಡಿದ್ದೇವೆ. ಹಾರ್ಟ್ ಅಟ್ಯಾಕ್‌ನಲ್ಲಿ ಆ ಗಂಟೆಗಳೇ ಮುಖ್ಯ. ಎದೆ ಮೇಲೆ ಭಾರ ಇಟ್ಟ ಹಾಗೆ ಒತ್ತಡ, ನೋವು ಎಡಗೈ, ಭುಜ, ದವಡೆಗೆ ಹರಿಯುವುದು, ತಣ್ಣಗೆ ಬೆವರುವುದು, ಉಸಿರು ಸಿಗದಿರುವುದು, ನಡೆದರೆ ಜಾಸ್ತಿ ಆಗಿ ನಿಂತರೆ ಕಡಿಮೆ ಆಗುವುದು, ಇಂಥದ್ದು ಕಂಡರೆ ಮಾತ್ರೆ ಅಗಿದು ಕಾದು ನೋಡಬೇಡಿ, 108ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಶುಗರ್ ಇರುವವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ವಾಕರಿಕೆ, ಹೊಟ್ಟೆ ಮೇಲ್ಭಾಗದ ಸಂಕಟವಾಗಿಯೂ ಬರುತ್ತೆ. ಆಂಟಾಸಿಡ್ ತಗೊಂಡ ಮೇಲೆ ನೋವು ಕಡಿಮೆ ಆಯ್ತು ಅಂದ ಮಾತ್ರಕ್ಕೆ ಅದು ಹಾರ್ಟ್ ಅಲ್ಲ ಅಂತ ಹೇಳೋಕಾಗಲ್ಲ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಜಿಲ್ಲೆಗೆ ಹೋಗಬೇಕು, ದುಡ್ಡು ಹೊಂದಿಸಬೇಕು ಅಂತ ಮನೇಲಿ ಕೂರಬೇಡಿ.


ಮಾತ್ರೆ ಅಂಗಡಿ:

ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಆ ಮಂಡಿನೋವಿನ ಮಾತ್ರೆ ಇವತ್ತೇ ನಿಲ್ಲಿಸಿ, ಡಾಕ್ಟರ್ ನೋಡುವ ತನಕ ನೋವಿಗೆ ಬರೀ ಪ್ಯಾರಸಿಟಮಾಲ್ ಸಾಕು. ಅಸಿಕ್ಲೋಫೆನಾಕ್ ತರದ ಪೇನ್ ಕಿಲ್ಲರ್ ಬಿಪಿಯನ್ನೂ ಏರಿಸುತ್ತೆ.

ರ್‍ಯಾನಿಟಿಡಿನ್ ಶೀಟ್ ಎಸೆದುಬಿಡಿ. ಅದರಲ್ಲಿ ಎನ್‌ಡಿಎಂಎ ಅನ್ನುವ ಕ್ಯಾನ್ಸರ್‌ಕಾರಕ ಕಲ್ಮಶ ಸೇರುತ್ತೆ ಅಂತ 2020ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಯಿಂದ ತೆಗೆಸಿದರು. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಯಿಂದ 2022ರ ಸೆಪ್ಟೆಂಬರ್‌ನಲ್ಲಿ ಹೊರಗೆ ಹಾಕಿದರು.

ಪ್ಯಾಂಟೊಪ್ರಜೋಲ್ ಒಳ್ಳೆಯ ಔಷಧಿ, ಆಸಿಡ್ ಹುಟ್ಟುವುದನ್ನೇ ಕಡಿಮೆ ಮಾಡುತ್ತೆ. ಆದರೆ ಅದು ಡಾಕ್ಟರ್ ಚೀಟಿ ಮೇಲೆ ಕೊಡಬೇಕಾದ ಔಷಧಿ, ಜನ ಅಂಗಡಿಗೆ ಬಂದು ಚಾಕೊಲೇಟ್ ಕೇಳಿದ ಹಾಗೆ ಕೇಳುತ್ತಾರೆ, ನನಗೆ ಬೇಜಾರಾಗುತ್ತೆ. ತಿಂಡಿಗೆ ಅರ್ಧ ಗಂಟೆ ಮೊದಲು ತಗೊಂಡರೇ ಅದು ಸರಿಯಾಗಿ ಕೆಲಸ ಮಾಡುವುದು, ಉರಿ ಬಂದಾಗ ಒಂದು ನುಂಗಿದರೆ ಪ್ರಯೋಜನ ಕಡಿಮೆ. ವರ್ಷಗಟ್ಟಲೆ ತಗೊಂಡರೆ ಬಿ12, ಮೆಗ್ನೀಷಿಯಂ ಕಡಿಮೆ ಆಗಬಹುದು, ಕಬ್ಬಿಣವೂ ಸರಿಯಾಗಿ ಹೀರುವುದಿಲ್ಲ. ಒಮ್ಮೆಲೇ ಬಿಟ್ಟರೆ ಕೆಲವು ದಿನ ಆಸಿಡ್ ಮೊದಲಿಗಿಂತ ಜಾಸ್ತಿ ಉಕ್ಕುತ್ತೆ, ಹಾಗಾಗಿ ಬಿಡಲಾರದೆ ಮುಂದುವರಿಸುವವರೇ ಹೆಚ್ಚು. ಥೈರಾಯ್ಡ್ ಮಾತ್ರೆ ಮೇಲೂ ಇದರ ಪರಿಣಾಮ ಇದೆ, ಶುರು ಮಾಡಿದರೆ ಆರೇಳು ವಾರಕ್ಕೆ ಟಿಎಸ್ಎಚ್ ಮತ್ತೆ ನೋಡಿಸಬೇಕು.

ಆಮ್ಲೋಡಿಪಿನ್ ಕೂಡ ಕೆಲವರಿಗೆ ಅನ್ನನಾಳದ ಕೆಳಗಿನ ಬಿಗಿಯನ್ನು ಸಡಿಲ ಮಾಡಿ ಎದೆಉರಿ ಹೆಚ್ಚಿಸುತ್ತೆ. ಇದನ್ನು ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ನೆನಪು ಮಾಡಿ ಅಷ್ಟೇ.


ಮಲೆನಾಡ ಮಳೆ:

ಸೋಡಾದಲ್ಲಿ ಇಷ್ಟು ಉಪ್ಪಿನಂಶ ಇದೆ ಅಂತ ನನಗೂ ಈಗಲೇ ಗೊತ್ತಾಗಿದ್ದು, ಅತ್ತೆಗೂ ಬಿಪಿ ಇದೆ, ಅವರಿಗೂ ಹೇಳುತ್ತೇನೆ. ರಾತ್ರಿ ಹುಳಿನೀರು ಬರುವುದಕ್ಕೆ ನಮ್ಮಲ್ಲಿ ಮಂಚದ ತಲೆ ಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟಿದ್ದು ನಿಜವಾಗಿಯೂ ಉಪಯೋಗ ಆಯ್ತು. ಎರಡು ದಿಂಬು ಇಟ್ಟರೆ ಕುತ್ತಿಗೆ ಮಾತ್ರ ಬಗ್ಗುತ್ತೆ, ಹೊಟ್ಟೆ ಇನ್ನೂ ಒತ್ತುತ್ತೆ. ಊಟ ಎಂಟಕ್ಕೆ, ಮಲಗುವುದು ಹನ್ನೊಂದಕ್ಕೆ. ಎಡಮಗ್ಗುಲಿಗೆ ಮಲಗಿದರೆ ಇನ್ನೂ ಒಳ್ಳೆಯದು.


ಬೆಣ್ಣೆನಗರಿ:

ಎಲ್ಲರಿಗೂ ಕೈಮುಗಿಯುತ್ತೇನೆ. ಸಿಸ್ಟರ್, ಕೇಳಿದೆ. ಡಾಂಬರಿನ ತರ ಏನಿಲ್ಲವಂತೆ, ವಾಂತಿಯೂ ಇಲ್ಲ. ಆದರೆ ಸೀರೆ ಕುಪ್ಪಸ ಸಡಿಲ ಆಗಿದೆ ಅಂತ ಅಪ್ಪ ಹೇಳಿದರು. ಶುಕ್ರವಾರಕ್ಕೆ ಗ್ಯಾಸ್ಟ್ರೊ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ, ರಜೆ ಹಾಕಿ ಹೋಗುತ್ತಿದ್ದೇನೆ. ಅಮ್ಮನಿಗೆ ಎಂಡೋಸ್ಕೋಪಿ ಅಂದರೆ ಭಯ, ಪೈಪ್ ಹಾಕ್ತಾರಂತೆ ಅಂತ.


ಸಿಸ್ಟರ್ ತುಮಕೂರು:

ಹೋಗುತ್ತಿರುವುದು ಒಳ್ಳೆಯದಾಯಿತು. ಅಮ್ಮನವರಿಗೆ ಹೀಗೆ ಹೇಳಿ: ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತಾರೆ, ಬೇಕಿದ್ದರೆ ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ, ನೋಡುವುದು ಹತ್ತು ನಿಮಿಷದ ಒಳಗೆ ಮುಗಿಯುತ್ತೆ. ಓಕರಿಕೆ ಬರುತ್ತೆ, ಉಸಿರಾಟಕ್ಕೆ ತೊಂದರೆ ಇಲ್ಲ, ಮೂಗಲ್ಲಿ ನಿಧಾನಕ್ಕೆ ಉಸಿರು ಎಳೆದುಕೊಳ್ಳಬೇಕು ಅಷ್ಟೇ. ಅವತ್ತೇ ಮಾಡುವುದಾದರೆ ಆರರಿಂದ ಎಂಟು ಗಂಟೆ ಏನೂ ತಿಂದಿರಬಾರದು, ಅಪಾಯಿಂಟ್‌ಮೆಂಟ್ ಫೋನಲ್ಲೇ ಕೇಳಿಕೊಳ್ಳಿ. ಬೆಳಗಿನ ಬಿಪಿ ಮಾತ್ರೆ ಒಂದು ಗುಟುಕು ನೀರಲ್ಲಿ ತಗೋಬಹುದಾ ಅಂತಲೂ ಕೇಳಿ.

ಡಾಕ್ಟರ್ ನೋಡುವ ಮೊದಲು ನೀವಾಗಿ ಪ್ಯಾಂಟೊಪ್ರಜೋಲ್ ಶುರು ಮಾಡಬೇಡಿ. ಹುಣ್ಣಿಗೆ ಕಾರಣ ಆಗುವ ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಇದೆ, ಆ ಮಾತ್ರೆ ತಗೊಂಡಿದ್ದರೆ ಅದು ಟೆಸ್ಟ್‌ನಲ್ಲಿ ಸಿಗದೆ ತಪ್ಪಿಸಿಕೊಳ್ಳಬಹುದು. ಅಲ್ಲಿಯವರೆಗೆ ಉರಿ ತಡೆಯಲಾಗದಿದ್ದರೆ ಮಧ್ಯಾಹ್ನ, ರಾತ್ರಿ ಊಟ ಆಗಿ ಒಂದು ಗಂಟೆಗೆ ಅದೇ ಅಗಿಯುವ ಮಾತ್ರೆ ಸಾಕು, ಬೆಳಗ್ಗೆ ಬೇಡ. ದಿಂಬಿನ ಕೆಳಗಿನದು, ಪರ್ಸಲ್ಲಿರುವುದು, ಮಂಡಿನೋವಿನದು, ಎಲ್ಲಾ ಸ್ಟ್ರಿಪ್‌ಗಳನ್ನೂ ಒಂದು ಕವರ್‌ಗೆ ಹಾಕಿಕೊಂಡು ಹೋಗಿ. ಹೆಸರು ನೆನಪಿಟ್ಟುಕೊಂಡು ಹೇಳುವುದಕ್ಕಿಂತ ಡಾಕ್ಟರ್ ಮೇಜಿನ ಮೇಲೆ ಸುರಿದರೆ ಅವರಿಗೇ ಗೊತ್ತಾಗುತ್ತೆ. ಹಳೇ ಹಿಮೋಗ್ಲೋಬಿನ್ ರಿಪೋರ್ಟ್ ಇದ್ದರೆ ಅದನ್ನೂ ತಗೊಂಡು ಹೋಗಿ, ಯಾವಾಗಿಂದ ಇಳಿದಿದೆ ಅಂತ ನೋಡಬೇಕಾಗುತ್ತೆ.