ತಲೆಬುರುಡೆಯ ‘ಅಚ್ಚು’: ಮೋಲ್ಡಿಗೋ, ಕಾಸ್ಟಿಗೋ?

ಗೆಳೆಯರಿಗೆ ನಮಸ್ಕಾರ,

ಗುರುತು ಸಿಗದ ಶವದ ತಲೆಬುರುಡೆಯಿಂದ ಮುಖವನ್ನು ಮತ್ತೆ ರೂಪಿಸುವ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೊಯ್ಯುವ ಟೊಳ್ಳು ಅಂದರೆ ಮೋಲ್ಡ್, ಅದರಲ್ಲಿ ಹೊಯ್ದು ತೆಗೆದದ್ದು ಅಂದರೆ ಕಾಸ್ಟ್, ಈ ಎರಡಕ್ಕೂ ನಮ್ಮ ಬಾಯಿಗೆ ಮೊದಲು ಬರುವುದು ‘ಅಚ್ಚು’. ಸಂಕ್ರಾಂತಿಗೆ ಪಾಕ ಹೊಯ್ಯುವ ಮರದ ಹಲಗೆಯೂ ಅಚ್ಚು, ಅದರಿಂದ ಬಿಡಿಸಿ ತಟ್ಟೆಗಿಡುವುದೂ ಸಕ್ಕರೆ ಅಚ್ಚು. ಹಬ್ಬದಲ್ಲಿ ಇದರಿಂದ ಯಾರಿಗೂ ಗೊಂದಲವಿಲ್ಲ. ಪ್ರಯೋಗಾಲಯದ ಬರಹದಲ್ಲಿ ಜಾಸ್ತಿಯೇ ಇದೆ.

ನಿಜವಾದ ಬುರುಡೆ ಕೇಸಿನ ಸಾಕ್ಷ್ಯ. ಅದರ ಮೇಲೇ ಮಣ್ಣು ಮೆತ್ತಿ ಮುಖ ಕಟ್ಟಿದರೆ ಎಲುಬು ಹಾಳಾಗಬಹುದು. ಅದಕ್ಕೇ ನಕಲು ತೆಗೆಯುತ್ತಾರೆ. ಮೊದಲು ಕಣ್ಣುಗುಳಿ, ಮೂಗಿನ ತೂತು, ಕೆನ್ನೆಮೂಳೆಯ ಹಿಂದಿನ ಸಂದು ಇವನ್ನೆಲ್ಲ ಮೇಣ ಅಥವಾ ಜೇಡಿಮಣ್ಣಿನಿಂದ ತುಂಬಬೇಕು. ಇಲ್ಲದಿದ್ದರೆ ನಕಲಿಗಾಗಿ ಮೇಲೆ ಬಳಿಯುವ ಸಿಲಿಕೋನ್ ಎಂಬ ರಬ್ಬರಿನಂಥ ವಸ್ತು ಒಳಗೆ ಹೊಕ್ಕು ಕಚ್ಚಿಕೊಳ್ಳುತ್ತದೆ. ಬಿಡಿಸುವಾಗ ತೆಳು ಎಲುಬು ಮುರಿಯಬಹುದು, ಸಡಿಲ ಹಲ್ಲು ಕಿತ್ತು ಬರಬಹುದು. ಆಮೇಲೆ ಸಿಲಿಕೋನ್ ಬಳಿದು, ಆಕಾರ ಕೆಡದಂತೆ ಹೊರಗೆ ಪ್ಲಾಸ್ಟರಿನ ಗಟ್ಟಿ ಕವಚ ಕಟ್ಟುತ್ತಾರೆ. ಬಿಡಿಸಿದ ಮೇಲೆ ಉಳಿಯುವ ಟೊಳ್ಳು ಮೋಲ್ಡ್. ಅದರೊಳಗೆ ಪ್ಲಾಸ್ಟರನ್ನೋ ರೆಸಿನ್ನನ್ನೋ ಹೊಯ್ದು ತೆಗೆದದ್ದು ಕಾಸ್ಟ್. ಕೆಳದವಡೆಯನ್ನು ಬೇರೆಯಾಗಿ ಎರೆಯುತ್ತಾರೆ.

ಚರ್ಮ, ಮಾಂಸದ ದಪ್ಪ ತೋರಿಸುವ ಗೂಟಗಳನ್ನು ನೆಡುವುದು ಈ ಕಾಸ್ಟಿನ ಮೇಲೆ. ಇದೇನೂ ಹೊಸ ದಾರಿಯಲ್ಲ. 1895ರ ಹೊತ್ತಿಗೇ ಜರ್ಮನಿಯ ಲೈಪ್‌ಝಿಗ್‌ನಲ್ಲಿ ಸಂಗೀತಗಾರ ಬಾಖ್‌ನದೆಂದು ನಂಬಿದ ಬುರುಡೆಯನ್ನು ಅಂಗರಚನಾ ತಜ್ಞ ವಿಲ್‌ಹೆಲ್ಮ್ ಹಿಸ್ ಪರೀಕ್ಷಿಸಿದ್ದ. ಶಿಲ್ಪಿ ಕಾರ್ಲ್ ಸೆಫ್ನರ್ ಮುಖ ರೂಪಿಸಿದ್ದು ಆ ಬುರುಡೆಯ ಪ್ಲಾಸ್ಟರ್ ನಕಲಿನ ಮೇಲೆ.

ಈಗ ‘ಅಚ್ಚಿನಲ್ಲಿ ಕಾಣುವ ಗುಳಿ’ ಎಂದು ಬರೆದರೆ ಯಾವುದು? ಮೋಲ್ಡಿನ ಗುಳಿ ಎಂದರೆ ಬುರುಡೆಯ ಉಬ್ಬು! ಕಾಸ್ಟಿನ ಗುಳಿ ಬುರುಡೆಯಲ್ಲೂ ಗುಳಿಯೇ. ಹಳೆಯ ಏಟಿನ ಗುರುತು ಹುಡುಕುವವರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ?

‘ಪಡಿಯಚ್ಚು’ ಚೆಂದದ ಪದ. ಆದರೆ ಸಿಟಿ ಸ್ಕ್ಯಾನ್‌ನಿಂದ 3ಡಿ ಮುದ್ರಣದಲ್ಲಿ ತೆಗೆದ ಬುರುಡೆಯೂ ಪಡಿಯಚ್ಚೇ. ಹೊಯ್ದು ಮಾಡಿದ್ದು ಎಂಬ ಅರ್ಥ ಅದರಲ್ಲಿಲ್ಲ. ‘ಕರು’ ಎಂಬ ಹಳೆಯ ಪದಕ್ಕೂ ಮೋಲ್ಡ್ ಎಂಬ ಅರ್ಥ ಉಂಟು. ಇವತ್ತು ಓದುಗರಿಗೆ ಹಸುವಿನ ಕರುವೇ ನೆನಪಾದೀತು. ನನ್ನ ಒಲವು ಹೀಗಿದೆ: ಮೋಲ್ಡಿಗೆ ಮಾತ್ರ ‘ಅಚ್ಚು’, ಕಾಸ್ಟಿಗೆ ‘ಎರಕದ ಬುರುಡೆ’. ಬರೀ ‘ಎರಕ’ ಎಂದರೆ ಹೊಯ್ಯುವ ಕೆಲಸವೂ ಆಗುತ್ತದೆ.

ಅಚ್ಚಿನಲ್ಲಿ ಗಣಪತಿ ಮಾಡುವವರು, ಕಂಚು ಎರೆಯುವವರು ನಿಮ್ಮ ಊರಲ್ಲಿ ಈ ಎರಡಕ್ಕೆ ಬೇರೆ ಬೇರೆ ಹೆಸರು ಹೇಳುತ್ತಾರಾ? ಅಚ್ಚು ಸಿಕ್ಕಿಕೊಂಡು ಬಿಡದ ಒಳಸಂದಿಗೆ, ಅಂದರೆ ಅಂಡರ್‌ಕಟ್‌ಗೆ, ಅವರ ಮಾತೇನು? ತಿಳಿದವರು ಊರಿನ ಹೆಸರಿನ ಜೊತೆ ಬರೆಯಿರಿ.