ಹೊಸ ರಸ್ತೆ ಅಗೆದು ಹೋದರು, ನಮ್ಮ ತೆರಿಗೆ ದುಡ್ಡಿನ ಲೆಕ್ಕ ಕೇಳುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಹೋದ ವರ್ಷ ನಮ್ಮ ಬಡಾವಣೆಯ ರಸ್ತೆಗೆ ಡಾಂಬರು ಹಾಕಿದರು. ನಾಲ್ಕೇ ತಿಂಗಳಿಗೆ ನೀರಿನ ಪೈಪ್ ಹಾಕಲು ಉದ್ದಕ್ಕೂ ಅಗೆದರು. ಮಣ್ಣು ಮುಚ್ಚಿ ಹೋದವರು ತಿರುಗಿ ನೋಡಿಲ್ಲ. ಅತ್ತೆಯವರು ಅಲ್ಲೇ ಜಾರಿ ಬಿದ್ದರು. ನಗರಸಭೆಯಲ್ಲಿ ಕೇಳಿದರೆ "ಅದು ನಮ್ಮ ಕೆಲಸ ಅಲ್ಲ" ಅನ್ನುತ್ತಾರೆ. ಆರ್‌ಟಿಐ ಹಾಕಿ "ಹೊಸ ರಸ್ತೆ ಯಾಕೆ ಅಗೆದಿರಿ?" ಎಂದು ಕೇಳಿದೆ. "ಮಾಹಿತಿ ಲಭ್ಯವಿಲ್ಲ" ಎಂದು ಒಂದೇ ಸಾಲಿನ ಉತ್ತರ ಬಂತು. ಪ್ರತಿ ವರ್ಷ ತಪ್ಪದೆ ಆಸ್ತಿ ತೆರಿಗೆ ಕಟ್ಟುತ್ತೇವೆ. ಮುಂದೇನು ಮಾಡಲಿ?

ಉತ್ತರ (ನಗರಸಭೆಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತರಾದವರು): ನಮಸ್ಕಾರ ಅಮ್ಮ. ಅತ್ತೆಯವರು ಬೇಗ ಸುಧಾರಿಸಿಕೊಳ್ಳಲಿ.

ನಿಮ್ಮ ಸಿಟ್ಟು ಸರಿ, ಕೇಳಿದ ರೀತಿ ಮಾತ್ರ ಬದಲಾಗಬೇಕು. ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ಸಿಗುವುದು ಕಚೇರಿಯಲ್ಲಿರುವ ದಾಖಲೆ. "ಯಾಕೆ" ಎಂಬುದಕ್ಕೆ ಫೈಲ್ ಇರುವುದಿಲ್ಲ. ಹಾಗಾಗಿ ಕಾಗದದ ಹೆಸರು ಹಿಡಿದು ಕೇಳಿ. ಎಸ್ಟಿಮೇಟ್, ವರ್ಕ್ ಆರ್ಡರ್, ಗುತ್ತಿಗೆದಾರರಿಗೆ ಕೊಟ್ಟ ಬಿಲ್, ಎಲ್ಲಕ್ಕಿಂತ ಮುಖ್ಯವಾಗಿ ಅಳತೆ ಪುಸ್ತಕ. ಇದನ್ನು ಎಂ.ಬಿ. ಅನ್ನುತ್ತಾರೆ. ಎಷ್ಟು ಉದ್ದ, ಎಷ್ಟು ಅಗಲ, ಡಾಂಬರು ಎಷ್ಟು ದಪ್ಪ ಎಂದು ಇಂಜಿನಿಯರ್ ಅದರಲ್ಲಿ ಬರೆದು ಸಹಿ ಹಾಕಿರಬೇಕು. ಬಿಲ್ ಪಾಸಾಗುವುದು ಅದರ ಮೇಲೆಯೇ. ಎಂ.ಬಿ.ಯಲ್ಲಿ 40 ಮಿಲಿಮೀಟರ್ ಎಂದಿದ್ದು ರಸ್ತೆಯಲ್ಲಿ 20 ಸಿಕ್ಕರೆ, ಬೇರೆ ಸಾಕ್ಷಿ ಹುಡುಕಬೇಕಿಲ್ಲ. ಕಾಮಗಾರಿ ಪರಿಶೀಲಿಸುವುದು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು ಕೂಡ ಇದೇ ಕಾಯ್ದೆಯ ಹಕ್ಕು. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಆದರೆ ನಿಮ್ಮ ವಿಷಯದಲ್ಲಿ ಗಟ್ಟಿ ಪ್ರಶ್ನೆ ಬೇರೆಯೇ ಇದೆ. ರಸ್ತೆ ಅಗೆಯುವವರು ಮೊದಲು ಅನುಮತಿ ತಗೋಬೇಕು, ರಸ್ತೆಯನ್ನು ಮೊದಲಿನಂತೆ ಮಾಡುವ ಖರ್ಚನ್ನೂ ಸಾಮಾನ್ಯವಾಗಿ ಕಟ್ಟಬೇಕು. ಆ ಅನುಮತಿ ಪತ್ರದ ಪ್ರತಿ, ದುಡ್ಡು ಕಟ್ಟಿದ ರಸೀದಿ, ಅದನ್ನು ಖರ್ಚು ಮಾಡಿದ ವಿವರ ಕೇಳಿ. ದುಡ್ಡು ಬಂದಿದ್ದರೆ ರಸ್ತೆ ಸರಿಪಡಿಸುವ ಹೊಣೆ ನಗರಸಭೆಯ ಮೇಲೆ ಬರುತ್ತದೆ. ಬಂದಿಲ್ಲದಿದ್ದರೆ ಅನುಮತಿ ಕೊಟ್ಟಿದ್ದು ಹೇಗೆ? ಎರಡರಲ್ಲಿ ಒಂದಕ್ಕೆ ಅವರು ಉತ್ತರ ಕೊಡಲೇಬೇಕು. "ನಮ್ಮ ಕೆಲಸ ಅಲ್ಲ" ಎನ್ನುವುದು ಆಮೇಲೆ ನಡೆಯುವುದಿಲ್ಲ. ದಾಖಲೆ ನಿಜಕ್ಕೂ ಬೇರೆ ಇಲಾಖೆಯಲ್ಲಿದ್ದರೆ, ಅರ್ಜಿಯನ್ನು 5 ದಿನದೊಳಗೆ ಅಲ್ಲಿಗೆ ಕಳಿಸುವುದು ಅವರದೇ ಜವಾಬ್ದಾರಿ.

ಅರ್ಜಿ ಒಂದೇ ವಿಷಯಕ್ಕಿರಲಿ, 150 ಪದ ಮೀರದಿರಲಿ. ಕರ್ನಾಟಕದ ನಿಯಮ ಹಾಗಿದೆ. ಅದಕ್ಕೇ ರಸ್ತೆಗೊಂದು, ಅಗೆತಕ್ಕೊಂದು ಅಂತ ಬೇರೆ ಬೇರೆ ಹಾಕಿ. ಶುಲ್ಕ 10 ರೂಪಾಯಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ ರಾಜ್ಯ ಮಾಹಿತಿ ಆಯೋಗ.

ಮತ್ತೊಬ್ಬ ಸದಸ್ಯರು: ಖರ್ಚಾದ ಮೇಲೆ ಲೆಕ್ಕ ಕೇಳಿ ಏನು ಪ್ರಯೋಜನ ಸರ್? ದುಡ್ಡು ಹೋಯಿತಲ್ವಾ?

ಉತ್ತರ: ಹೋದ ದುಡ್ಡನ್ನೂ ವಸೂಲಿ ಮಾಡಬಹುದು. ಲೆಕ್ಕ ತಪಾಸಣೆಯ ವರದಿಯಲ್ಲಿ ಆಕ್ಷೇಪಣೆ ಬರೆಯುವುದು ಅದಕ್ಕೇ. ಗುತ್ತಿಗೆದಾರರ ಠೇವಣಿಯೂ ಹೊಣೆಗಾರಿಕೆ ಅವಧಿ, ಅಂದರೆ ಕೆಲಸ ಕೆಟ್ಟರೆ ಅವರೇ ಸರಿಪಡಿಸಬೇಕಾದ ಅವಧಿ, ಮುಗಿಯುವವರೆಗೆ ಕಚೇರಿಯಲ್ಲೇ ಇರುತ್ತದೆ. ಆದರೂ ಮೊದಲೇ ಕೇಳುವುದು ಮೇಲು ಎಂಬುದು ನಿಜ. ಬೆಂಗಳೂರಿನ ಉಕ್ಕಿನ ಸೇತುವೆ ನೆನಪಿದೆಯಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ, ಸುಮಾರು 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ. 2016ರ ಅಕ್ಟೋಬರ್‌ನಲ್ಲಿ ಅದು ಬೇಡವೆಂದು ಜನ ಮಾನವ ಸರಪಳಿ ಕಟ್ಟಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಕೆಲಸ ಶುರುವಾಗಿದ್ದರೆ ಇದು ಆಗುತ್ತಿತ್ತಾ? ನಿಮ್ಮೂರಲ್ಲಿ ಬಜೆಟ್ ಪೂರ್ವಭಾವಿ ಸಭೆ ಕರೆದಾಗ ದಯವಿಟ್ಟು ಹೋಗಿ. ನಾನು ಕೂತ ಎಷ್ಟೋ ಸಭೆಗಳಲ್ಲಿ ಸಾರ್ವಜನಿಕರ ಕುರ್ಚಿಗಳು ಖಾಲಿ ಇದ್ದವು. ಈಗಲೂ ಅದು ನನಗೆ ನೋವಿನ ವಿಷಯ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯಿತು ಸರ್. ಒಂದೇ ಭಯ. "ನಿಮಗ್ಯಾಕೆ ಇದೆಲ್ಲ" ಎಂದು ಕೇಳಿದರೆ?

ಉತ್ತರ: ಕಾರಣ ಹೇಳಬೇಕಿಲ್ಲ ಅಮ್ಮ. ಮಾಹಿತಿ ಹಕ್ಕು ಕಾಯ್ದೆಯ 6(2)ನೇ ಕಲಂ ಅದನ್ನೇ ಹೇಳುತ್ತದೆ. ಒಬ್ಬರೇ ಹೋಗಬೇಡಿ, ಬೀದಿಯ ನಾಲ್ಕು ಮನೆಯವರು ಒಂದೊಂದು ಅರ್ಜಿ ಹಾಕಿ. ಸ್ವೀಕೃತಿ ಮುದ್ರೆ ಒತ್ತಿಸಿಕೊಂಡೇ ಬನ್ನಿ. ಉತ್ತರ ಬಂದಾಗ ಎಂ.ಬಿ. ಪುಟದ ಫೋಟೋ ಇಲ್ಲಿ ಹಾಕಿ, ಓದುವುದು ಹೇಗೆಂದು ಹೇಳುತ್ತೇನೆ.